ಹಲಸಿನಜ್ಜಿಯ ಪರವಾಗಿ

ಮರಗಳ ಹಬ್ಬಕ್ಕೆ ಇನ್ನೊಂದು ವಾರವಿದೆ ಎನ್ನುವಾಗ ವಯಾನ್ ಲಂದ್ರ ಅಂಗಳದ ಹಲಸಿನ ಮರವನ್ನು ಕಡಿಸುವ ಮಾತೆತ್ತಿದ. ಎತ್ತಿದ್ದು ಬೆಳಗಿನ ಕಾಫಿ ಕುಡಿಯುವಾಗ, ಲೋಟದೊಳಗೆ ನೋಡುತ್ತ. ಗದ್ದೆ ನೀರಿನ ಸಭೆಯಲ್ಲಿ ಎಂಥೆಂಥವರ ಬಾಯನ್ನೋ ಮುಚ್ಚಿಸುವ ಗಂಡಸು ಅವನು. ತಂಗಿಯ ಎದುರು ಮಾತ್ರ ಹೀಗೆ, ಲೋಟದ ಜೊತೆ ಮಾತಾಡುತ್ತಾನೆ.

“ಪೂರ್ವದ ಚಾವಡಿ ಕಂಬಕ್ಕೆ ಗೆದ್ದಲು ಹತ್ತಿದೆ, ತುತ್. ಮುಟ್ಟಿದ್ರೆ ಪುಡಿ ಉದುರುತ್ತೆ. ಮಗಳು ಸಾರಿ ದೊಡ್ಡೋಳಾದ್ಲು, ಅವಳ ಹಲ್ಲನ್ನ ಅರದಿಂದ ಉಜ್ಜಿ ಸಮ ಮಾಡೋ ಶಾಸ್ತ್ರ ಅಲ್ಲೇ ಆಗ್ಬೇಕು ತಾನೆ? ಬಡಗಿ ಹಲಸಿನ ಮರಾನೇ ಬೇಕು ಅಂದ. ನಮ್ಮನೇಲಿ ಒಂದು ನಿಂತಿದೆ. ಹಣ್ಣಿಲ್ಲ, ಕಾಯಿಲ್ಲ, ಸುಮ್ನೆ ಎಲೆ ಉದುರಿಸ್ಕೊಂಡು.”

ಕೆತುತ್ ಚಂದ್ರಿ ಅತ್ತಿಗೆಯ ಪಕ್ಕದಲ್ಲಿ ಕೂತು ತೆಂಗಿನ ಗರಿಯಿಂದ ದಿನದ ಪೂಜೆಯ ಪುಟ್ಟ ತಟ್ಟೆಗಳನ್ನು ಹೆಣೆಯುತ್ತಿದ್ದಳು. ಅವಳ ಕೈ ನಿಲ್ಲಲಿಲ್ಲ.

“ಯಾವಾಗ, ಬ್ಲಿ?” ಎಂದಳು. ಅಣ್ಣನನ್ನು ಅವಳು ಬ್ಲಿ ಎನ್ನುವುದು. ಅವನಿಗೆ ಅವಳು ಐವತ್ತು ದಾಟಿದರೂ ತುತ್.

“ಗಲುಂಗಾನ್ ಹಬ್ಬ ಕಳೀಲಿ. ಮರದ ಹಬ್ಬದ ದಿನ ಯಾವತ್ತಿನ ಹಾಗೇ ಕೇಳ್ತೀನಿ. ಗಲುಂಗಾನ್ ಒಳಗೆ ಒಂದೇ ಒಂದು ಮಿಡಿ ಕಾಣಿಸಲಿ, ಕೊಡಲಿ ಮುಟ್ಟಲ್ಲ. ಇಲ್ಲಾಂದ್ರೆ ಕಡಿಯೋದೇ.”

“ಅದು ಪ್ರತಿ ಸಲ ಹೇಳುತ್ತಲ್ಲ, ಬಿಡ್ತೀನಿ ಅಂತ.”

“ಅದು ಎಲ್ಲಿ ಹೇಳುತ್ತೆ? ಹೇಳೋಳು ನೀನು.” ಈಗ ಮಾತ್ರ ಲಂದ್ರ ತಲೆಯೆತ್ತಿ ನೋಡಿದ. “ಮೂರು ವರ್ಷದಿಂದ ಹೇಳ್ತಾನೇ ಇದ್ದೀಯ.”

ಚಂದ್ರಿಯ ಕೈಯಲ್ಲಿದ್ದ ಗರಿ ಸೀಳಿಹೋಯಿತು. ಅಣ್ಣನ ಮಾತಿನಲ್ಲಿ ಸುಳ್ಳಿರಲಿಲ್ಲ, ಸಂಕಟ ಅದೇ.

ಬಾಲಿಯ ನಮ್ಮ ತಬಾನನ್ ಸೀಮೆಯಲ್ಲಿ ಮರಗಳ ಹಬ್ಬ ಯಾರ ಮನೆಗೂ ಹೊಸದಲ್ಲ. ಗಲುಂಗಾನ್‌ಗೆ ತೀರಿಹೋದ ಹಿರಿಯರೆಲ್ಲ ಮನೆಗೆ ಬರುವವರು, ಅವರಿಗೆ ಬಡಿಸಲು ಕಾಯಿ ಹಣ್ಣು ಬೇಕಲ್ಲ. ಅದಕ್ಕೇ ಮರಗಳಿಗೆ ಇಪ್ಪತ್ತೈದು ದಿನ ಮೊದಲೇ ತಿಳಿಸಿಬಿಡುತ್ತೇವೆ. ಕಾಂಡಕ್ಕೆ ಸೀರೆಯಂತೆ ಬಟ್ಟೆ ಸುತ್ತಿ, ಮಚ್ಚಿನ ಬೆನ್ನಿನಿಂದ ಬಾಗಿಲು ತಟ್ಟಿದ ಹಾಗೆ ತಟ್ಟಿ, ಅಜ್ಜೀ, ಹಬ್ಬ ಬರ್ತಾ ಇದೆ, ಕೊಂಬೆ ಬಾಗುವಷ್ಟು ಬಿಡು ಎಂದು ಹೇಳಿ, ತೊಗಟೆಗೆ ಸಣ್ಣ ಗಾಯ ಮಾಡಿ ಅದರ ಮೇಲೆ ಬೆಲ್ಲದ ಗಂಜಿ ಸವರುತ್ತೇವೆ. ಎಲ್ಲರ ಮನೆಯಲ್ಲೂ ಹಬ್ಬ ಅಲ್ಲಿಗೆ ಮುಗಿಯುತ್ತದೆ. ಚಂದ್ರಿಯ ಮನೆಯಲ್ಲಿ ಮುಗಿಯುತ್ತಿರಲಿಲ್ಲ. ಅವಳ ಅಜ್ಜಿಗೆ ಅದು ಸರಿಬರಲಿಲ್ಲವಂತೆ. “ಬಾಗಿಲು ತಟ್ಟಿ, ಕೇಳಿ, ಉತ್ತರ ಬರೋಕೆ ಮುಂಚೆ ಎದ್ದು ಹೋಗೋದು ಯಾವ ಊರ ಮರ್ಯಾದೆ?” ಎಂದು ಮಗನನ್ನು ಗದರಿದಳಂತೆ. ಮರಕ್ಕೆ ಬಾಯಿಲ್ಲ, ಹಾಗಾಗಿ ಮನೆಯವರೇ ಒಂದು ಬಾಯಿ ಎರವಲು ಕೊಡಬೇಕು, ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರ ಬಾಯಿ. ಅಲ್ಲಿಂದ ಆ ಮನೆಯ ಕಟ್ಟುಪಾಡು ಹಾಗಾಯಿತು: ಒಬ್ಬರು ಮಚ್ಚು ಹಿಡಿದು ಮುಂದೆ ನಿಂತು ಕೇಳುವುದು, ಕೊನೆಯ ಕೂಸು ಮರದ ಹಿಂದೆ ಅಡಗಿ ಉತ್ತರ ಕೊಡುವುದು.

ಮನೆಗೆ ಕೊನೆಯ ಕೂಸು ಚಂದ್ರಿ. ಮೊದಲ ಸಲ ಅವಳನ್ನು ಹಲಸಿನ ಹಿಂದೆ ನಿಲ್ಲಿಸಿದಾಗ ಅವಳಿಗೆ ಹಾಲುಹಲ್ಲೂ ಬಿದ್ದಿರಲಿಲ್ಲ. ಬುಡದಲ್ಲಿ ಕೊಳೆತ ಎಲೆಯ ರಾಶಿ, ತಣ್ಣಗಿನ ಕೆಸರು, ಕೆಸರಿನಲ್ಲಿ ಬೆರಳು ಹೂತುಹೋಗಿ ಯಾವುದೋ ಹುಳು ಕಚಗುಳಿ ಇಡುತ್ತಿತ್ತು. ಇರುವೆ ಮೊಣಕಾಲಿನವರೆಗೆ ಹತ್ತಿದ್ದವು. ಮುಂದೆ ಅಪ್ಪ, “ಅಜ್ಜೀ, ಅಜ್ಜೀ, ಕಾಯಿ ಬಿಡ್ತೀಯೋ, ಕಡೀಲೋ?” ಎಂದು ಗುಡುಗಿದ. ಹುಡುಗಿ ಇರುವೆಗಳನ್ನು ಸಹಿಸಿಕೊಂಡು, ಆದಷ್ಟು ದಪ್ಪ ದನಿಯಲ್ಲಿ, “ಬಿಡ್ತೀನಪ್ಪ, ಬಿಡ್ತೀನಿ, ಕಡೀಬೇಡ,” ಎಂದಳು. ಆ ವರ್ಷ ಹಲಸು ಕೊಂಬೆಗೆಲ್ಲ ಜೋತುಬಿತ್ತು. ಗಲುಂಗಾನ್‌ನ ಹಿಂದಿನ ದಿನ ಗಂಡಸರು ಎಳೆಕಾಯಿ ಕೊಚ್ಚಿ ಹಂದಿಮಾಂಸದ ಜೊತೆ ಲಾವಾರ್ ಮಾಡುವಾಗ ಅಪ್ಪ ಎಲ್ಲರೆದುರು, “ಈ ಸಲದ ಫಸಲು ನಮ್ಮ ತುತ್‌ದು,” ಎಂದು ಮೊದಲ ತುತ್ತನ್ನು ಅವಳ ಬಾಯಿಗಿಟ್ಟ. ಆ ಹೊಗಳಿಕೆ ಅವಳ ತಲೆಯಿಂದ ಇವತ್ತಿಗೂ ಇಳಿದಿಲ್ಲ ಎಂದು ಅತ್ತಿಗೆ ರಸ್ನಿ ಹೇಳುವುದುಂಟು.

ಲಂದ್ರನಿಗೂ ಚಂದ್ರಿಗೂ ನಡುವಿನ ಇಬ್ಬರು ಅಣ್ಣಂದಿರು ಸುಲವೇಸಿ ದ್ವೀಪಕ್ಕೆ ಜಮೀನು ಮಾಡಲು ಹೋದವರು ಅಲ್ಲೇ ಬೇರು ಬಿಟ್ಟರು. ಚಂದ್ರಿ ಜೋಗ್ಜಾದ ಚಿತ್ರಕಲೆಯ ಶಾಲೆಗೆ ಹೋದಳು. ನಿಸರ್ಗವನ್ನು ಬರೆದು ತನ್ನಿ ಎಂದು ಮೇಷ್ಟ್ರು ಹೇಳಿದಾಗ ಉಳಿದವರೆಲ್ಲ ಬೆಟ್ಟ, ಬೆಟ್ಟದ ಹಿಂದೆ ಸೂರ್ಯ, ಮೆಟ್ಟಿಲು ಗದ್ದೆ ಎಂದು ಬರೆದು ತಂದರು. ಇವಳು ತಂದದ್ದು ಒಂದು ತೊಗಟೆ, ಹಾಳೆಯ ತುಂಬ ಬರೀ ತೊಗಟೆ, ಕೆಳಗೆ ಎರಡು ಪುಟ್ಟ ಪಾದ.

“ಮರ ಎಲ್ಲಿದೆಯಮ್ಮ?” ಎಂದರು ಮೇಷ್ಟ್ರು.

“ಇಷ್ಟೇ ಕಾಣ್ಸೋದು ಮೇಷ್ಟ್ರೇ. ನಾನು ಯಾವಾಗ್ಲೂ ಹಿಂದೆ ನಿಂತಿರ್ತೀನಿ.”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಆ ಚಿತ್ರವನ್ನು ತಮ್ಮ ಕೋಣೆಗೆ ಒಯ್ದರು. ಚಂದ್ರಿಗೆ ಅದು ಮೆಚ್ಚುಗೆಯೋ ಜಪ್ತಿಯೋ ಗೊತ್ತಾಗಲಿಲ್ಲ.

ಊರಿಗೆ ಮರಳಿದ ಮೇಲೆ ಒಂದಷ್ಟು ಕಾಲ ಪ್ರವಾಸಿಗರಿಗಾಗಿ ಗದ್ದೆಯಲ್ಲಿ ಸಾಲಾಗಿ ಹೋಗುವ ಬಾತುಕೋಳಿಗಳನ್ನು ಬರೆದಳು. ಬರೆದು ಬರೆದು ಕೊನೆಗೆ ಕಣ್ಣು ಮುಚ್ಚಿದರೂ ಬಾತುಕೋಳಿಗಳೇ ನಡೆಯುತ್ತಿದ್ದವಂತೆ. ಮದುವೆಯ ಮಾತೂ ಒಂದು ಬಂದಿತ್ತು. ಹುಡುಗ ಒಳ್ಳೆಯವನೇ, ಡೆನ್‌ಪಸಾರ್‌ನಲ್ಲಿ ಮೂರನೇ ಮಹಡಿಯ ಮನೆ. ಚಂದ್ರಿ ಹೋಗಿ ನೋಡಿ, ಕಿಟಕಿಯಿಂದ ಬಗ್ಗಿ, ಮತ್ತೆ ವಾಪಸು ಬಂದಳು. “ಅಲ್ಲಿ ಯಾರ ಹಿಂದೆ ನಿಂತ್ಕೊಳ್ಲಿ?” ಎಂದದ್ದಕ್ಕೆ ಊರ ಹೆಂಗಸರು, ಇವಳಿಗೆ ಹಲಸಿನ ಮರದ ಜೊತೆಯೇ ಮದುವೆಯಾಗಿದೆ ಎಂದು ತೀರ್ಮಾನಿಸಿದರು. ಅವಳೂ ಅದನ್ನು ಅಲ್ಲಗಳೆಯಲಿಲ್ಲ. ಹಾಗೆ ಅಣ್ಣನ ಮನೆಯಲ್ಲೇ ಉಳಿದಳು. ಉಳಿದದ್ದಕ್ಕೆ ಅವಳಿಗೆ ಯಾವತ್ತೂ ಬೇಸರವಾದದ್ದಿಲ್ಲ. ಆದರೆ ಮನೆ ಅಣ್ಣನದು, ಅಂಗಳ ಅಣ್ಣನದು, ಮರವೂ ಅಣ್ಣನದು. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಇರುವುದು ನೆರಳಿನ ಹಕ್ಕು ಮಾತ್ರ.

ಅವಳು ಕಲಾವಿದೆ ಎಂದು ಊರಿಗೆ ಗೊತ್ತಾದದ್ದು ಒಂದು ಲೈಟು ಕಂಬದಿಂದ. ಸಂತೆಯ ತಿರುವಿನಲ್ಲಿ ರಸ್ತೆ ಅಗಲ ಮಾಡಲು ದೊಡ್ಡ ಆಲದ ಮರವನ್ನು ಉರುಳಿಸಿ, ಆ ಜಾಗದಲ್ಲೇ ಸಿಮೆಂಟಿನ ಕಂಬ ನೆಟ್ಟರು. ಇಲ್ಲಿ ದೈವವಿದೆ ಎಂಬ ಗುರುತಿಗೆ ಆಲಕ್ಕೆ ಸುತ್ತಿದ್ದ ಕಪ್ಪು ಬಿಳಿ ಚೌಕಳಿ ಬಟ್ಟೆ ಚರಂಡಿಯ ಪಕ್ಕ ಬಿದ್ದಿತ್ತು. ಚಂದ್ರಿ ಅದನ್ನು ಒಗೆದು, ಒಣಗಿಸಿ, ಒಂದು ಬೆಳಗಿನ ಜಾವ ಹೋಗಿ ಆ ಕಂಬಕ್ಕೆ ಸುತ್ತಿ ಬಂದಳು. ಅಷ್ಟೇ ಅವಳು ಮಾಡಿದ್ದು. ಚೌಕಳಿ ಬಟ್ಟೆ ಕಂಡರೆ ನಮ್ಮವರು ಸುಮ್ಮನಿರುವ ಪೈಕಿಯೇ? ಮೊದಲು ಸ್ಕೂಟರಿನವರು ಹಾರ್ನ್ ಒತ್ತಿ ಅಪ್ಪಣೆ ಕೇಳಿ ದಾಟತೊಡಗಿದರು. ಆಮೇಲೆ ತರಕಾರಿ ಮಾರುವ ಮುದುಕಿಯರು ಬುಡದಲ್ಲಿ ಹೂವಿಟ್ಟರು, ಊದುಬತ್ತಿ ಹಚ್ಚಿದರು, ಯಾರೋ ಸಿಗರೇಟು, ಬಿಸ್ಕತ್ತು ಇಟ್ಟರು. ಮುಂದೊಂದು ದಿನ ಕಂಬವನ್ನು ಪಕ್ಕಕ್ಕೆ ಸರಿಸಬೇಕೆಂದು ಬಂದ ಲೈನ್‌ಮನ್‌ಗಳು ಮೊದಲು ಪೂಜಾರಿಯನ್ನು ಕರೆಸಿ ಎಂದು ಕೈಕಟ್ಟಿ ನಿಂತುಬಿಟ್ಟರು. ಪತ್ರಿಕೆಯಲ್ಲಿ ಫೋಟೋ ಬಂತು. ಜಕಾರ್ತಾದಿಂದ ಯಾರೋ ದೊಡ್ಡವರು ಬಂದು, ಮನುಷ್ಯ ಮತ್ತು ಪ್ರಕೃತಿ ಎಂದೆಲ್ಲ ಕೈಯಾಡಿಸಿ ಮಾತಾಡಿದರು. ರಸ್ನಿ ಅವರಿಗೆ ಕಾಫಿ ಕೊಟ್ಟು ಒಳಗೆ ಬಂದು, “ಕಂಬಕ್ಕೆ ಬಟ್ಟೆ ಸುತ್ತಿದ್ರೆ ಪೇಪರಲ್ಲಿ ಬರುತ್ತೆ ಅಂತ ಮೊದ್ಲೇ ಗೊತ್ತಿದ್ರೆ, ನಿಮ್ಮಣ್ಣಂಗೆ ಸುತ್ತಿ ತಿರುವಲ್ಲಿ ನಿಲ್ಲಿಸ್ತಿದ್ದೆ,” ಎಂದಳು.

ಇನ್ನೊಂದು ಕೆಲಸ ಅವಳನ್ನು ದೂರದೂರಕ್ಕೆ ಒಯ್ದಿತು. ಜೋಗ್ಜಾದ ಒಂದು ಪ್ರದರ್ಶನದಲ್ಲಿ, ಬಿರುಗಾಳಿಗೆ ಬಿದ್ದ ಹುಣಸೆಯ ಕಾಂಡವನ್ನು ಹಾಲ್‌ನ ನಡುವೆ ನಿಲ್ಲಿಸಿದಳು. ಬಂದವರು ತಟ್ಟಬೇಕು, ಏನು ಬೇಕಾದರೂ ಕೇಳಬೇಕು. ಹಿಂದೆ, ಯಾರಿಗೂ ಕಾಣದಂತೆ ಚಂದ್ರಿ ಕೂತಿರುತ್ತಾಳೆ, ಉತ್ತರ ಕೊಡುತ್ತಾಳೆ. ಶುರುವಿನಲ್ಲಿ ಕಾಲೇಜು ಹುಡುಗರು ನಗುತ್ತ, ನಂಗೆ ಮದುವೆ ಯಾವಾಗ ಎಂದು ಕೇಳಿದರು. “ನಿಂಗೆ ಯಾರು ಕೊಡ್ತಾರೋ,” ಎಂದಿತು ಹುಣಸೆ. ಹೋಗ್ತಾ ಹೋಗ್ತಾ ಬೇರೆ ತರದವರು ಬಂದರು. ಗಣಿ ಕಂಪನಿಯೊಂದರ ವಕೀಲನಂತೆ ಒಬ್ಬ, ಕಾಂಡವನ್ನು ಮೆಲ್ಲಗೆ ತಟ್ಟಿ, “ನಮ್ ಮೇಲೆ ಸಿಟ್ಟಿದ್ಯಾ?” ಎಂದ. ಅಂದು ಬೆಳಗಿನಿಂದ ಚಂದ್ರಿ ನೀರು ಕುಡಿದಿರಲಿಲ್ಲ. “ಸಿಟ್ಟಿಲ್ಲಪ್ಪ, ಬಾಯಾರಿದೆ,” ಎಂದಳು. ಆ ಮನುಷ್ಯ ಹೊರಗೆ ಹೋಗಿ ಬಾಟಲಿಯಲ್ಲಿ ನೀರು ತಂದು ಸತ್ತ ಮರದ ಬುಡಕ್ಕೆ ಸುರಿದು, ಕಣ್ಣೊರೆಸಿಕೊಂಡು ಹೋದ. ಅದಕ್ಕೆ ಬಹುಮಾನ ಬಂತು. ತಾನು ಮರದ ಮಾತು ಬಲ್ಲವಳು ಎಂಬ ಒಂದು ಸಣ್ಣ ಹೆಮ್ಮೆಯೂ ಬಂತು.

ಬಹುಮಾನದ ದುಡ್ಡಿನಲ್ಲಿ ಮನೆಗೆ ಏನಾದರೂ ಮಾಡಬೇಕೆಂದು ಅವಳ ಆಸೆ. ಏನು ಬೇಕು ಎಂದು ಅತ್ತಿಗೆಯನ್ನು ಕೇಳಿದಳು. ರಸ್ನಿ ಯೋಚನೆ ಮಾಡಲೂ ಇಲ್ಲ. “ಅಂಗಳಕ್ಕೆ ಸಿಮೆಂಟು. ಮಳೆಗಾಲದಲ್ಲಿ ಯಾವ ಶಾಸ್ತ್ರ ಇಟ್ಕೊಂಡ್ರೂ ಬಂದವ್ರ ರೇಷ್ಮೆ ಎಲ್ಲ ಕೆಸರು. ನಿಮ್ಮಮ್ಮ ಹೋದಾಗ ಪೂಜಾರಿ ಜಾರಿ ಬಿದ್ದದ್ದು ಊರೆಲ್ಲ ಇನ್ನೂ ಹೇಳುತ್ತೆ.” ಲಂದ್ರನೇ ಮುಂದೆ ನಿಂತು, ಗೋಡೆಯಿಂದ ಗೋಡೆಗೆ, ಚಾವಡಿಯಿಂದ ಹಲಸಿನ ಬುಡದವರೆಗೆ, ಕನ್ನಡಿಯ ಹಾಗೆ ನುಣ್ಣಗೆ ಹಾಕಿಸಿದ. ಆಮೇಲೆ ಸೊಂಟಕ್ಕೆ ಕೈಯಿಟ್ಟು, “ನಿನ್ನ ಕಲೆಯಿಂದ ಮನೆಗೆ ಇದೊಂದು ಉಪಕಾರ ಆಯ್ತು ನೋಡು,” ಎಂದ. ರಸ್ನಿಗೆ ಗುಡಿಸುವುದು ಹಗುರವಾಯಿತು. ಎಲ್ಲರಿಗೂ ಖುಷಿ. ಚಂದ್ರಿಗಂತೂ ಆ ಅಂಗಳವನ್ನು ದಾಟುವಾಗಲೆಲ್ಲ ಎದೆಯುಬ್ಬುತ್ತಿತ್ತು.

ಆಮೇಲಿಂದ ಹಲಸು ಕಾಯಿ ಬಿಡಲಿಲ್ಲ. ಮುದುಕಿಯಾಯಿತು ಎಂದರು, ಗಾಳಿ ಸರಿಯಿಲ್ಲ ಎಂದರು. ಗಲುಂಗಾನ್‌ಗೆ ಸಂತೆಯಿಂದ ಎಳೆಕಾಯಿ ತಂದು ಕೊಚ್ಚಿದರು. ಹಬ್ಬ ಬಂದಾಗಲೆಲ್ಲ ಲಂದ್ರ ತಟ್ಟಿ ಕೇಳಿದ, ಹಿಂದಿನಿಂದ ಚಂದ್ರಿ ಬಿಡ್ತೀನಿ ಎಂದಳು. ನ್ಯಾಯವಾಗಿ ಈ ಕೆಲಸ ಲಂದ್ರನ ಮಗಳು ಸಾರಿಗೆ ಹೋಗಬೇಕಿತ್ತು. ಆದರೆ ಸಾರಿ ಚಿಕ್ಕವಳಿದ್ದಾಗ ಒಂದು ಸಲ ಹಿಂದೆ ನಿಂತು ಉತ್ತರ ಕೊಡುವ ಬದಲು ಕಿಸಕ್ಕೆಂದು ನಕ್ಕುಬಿಟ್ಟಳು, ಅದೇ ತಿಂಗಳು ಒಂದು ಕೊಂಬೆ ಮುರಿದು ಹಂದಿಗೂಡಿನ ಮೇಲೆ ಬಿತ್ತು. ಹಾಗಾಗಿ ಬಾಯಿ ಮತ್ತೆ ಚಂದ್ರಿಯ ಪಾಲಿಗೇ ಬಂತು.

ಕಡಿಯುವ ಮಾತು ಬಂದ ಆ ವಾರವೆಲ್ಲ ಚಂದ್ರಿಗೆ ಅನ್ನ ರುಚಿಸಲಿಲ್ಲ. ಅಣ್ಣನ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಅದಕ್ಕೂ ದಾರಿಯಿಲ್ಲ. ಪೂರ್ವದ ಚಾವಡಿ ಸಾಮಾನ್ಯದ ಜಾಗವೇ? ತೀರಿಹೋದ ಅಮ್ಮನನ್ನು ಮಲಗಿಸಿದ್ದು ಅಲ್ಲೇ, ಅಲ್ಲೇ ಲಂದ್ರನ ಮದುವೆ ಆದದ್ದು. ಅದರ ಕಂಬ ಕುಸಿದರೆ ಮನೆಯ ಮಾನವೇ ಕುಸಿದಂತೆ. ಆದರೆ ಮರ ಹೋದರೆ ತನ್ನಲ್ಲಿ ಏನು ಉಳಿಯುತ್ತದೆ ಎಂದು ಯೋಚಿಸಿದಾಗ ಅವಳಿಗೆ ನಿಜವಾಗಿ ಭಯವಾಯಿತು. ಲೋಕದ ಯಾವ ಹಾಲ್‌ನಲ್ಲಿ ಕೂತು ಯಾವ ಮರದ ಪರವಾಗಿ ಮಾತಾಡಿದರೂ ಆ ದನಿ ಬಂದದ್ದು ಈ ಹಲಸಿನ ಹಿಂದಿನಿಂದ. ಅದಕ್ಕಿಂತ ಕೆಟ್ಟದಾಗಿ ಕುಟುಕುತ್ತಿದ್ದದ್ದು ಬೇರೆ: ಮೂರು ವರ್ಷ ಅವಳು ಮರದ ಹೆಸರಿನಲ್ಲಿ ಮಾತು ಕೊಟ್ಟು ತಪ್ಪಿದ್ದಳು. ಅವಳ ಬಾಯಿಗಾಗಿ ಈಗ ಮರ ತಲೆ ಕೊಡಬೇಕಾಗಿ ಬಂದಿತ್ತು.

ಸಾರಿ ಅತ್ತೆಯ ಪಕ್ಕ ಬಂದು ಕೂತಳು. “ಅತ್ತೆ, ಯಾಕೆ ತಲೆ ಕೆಡಿಸ್ಕೋತೀಯ? ಪೆಟ್ಟಿಗೇಲಿ ಇನ್ನೊಂದು ಚೌಕಳಿ ಬಟ್ಟೆ ಇದ್ಯಲ್ಲ, ಸುತ್ತಿಬಿಡು. ಅಪ್ಪ ಅಲ್ಲ, ಅಪ್ಪನ ಅಪ್ಪ ಬಂದ್ರೂ ಮುಟ್ಟಲ್ಲ.”

“ಆಮೇಲೆ ನಿನ್ನ ಹಲ್ಲಿನ ಶಾಸ್ತ್ರ ಎಲ್ಲಿ ಮಾಡೋದು?”

“ಹೋಟೆಲಲ್ಲಿ ಮಾಡ್ಸಿ. ಏಸಿ ಇರುತ್ತೆ.”

ಚಂದ್ರಿ ನಕ್ಕಳು. ಆದರೆ ಸಾರಿ ಹೋದ ಮೇಲೆ ಪೆಟ್ಟಿಗೆ ತೆಗೆದದ್ದೂ ನಿಜ, ಬಟ್ಟೆಯನ್ನು ಬಿಡಿಸಿ ತೊಡೆಯ ಮೇಲೆ ಹಾಕಿಕೊಂಡು ಕೂತದ್ದೂ ನಿಜ. ಕಂಬಕ್ಕೆ ಸುತ್ತಿದಾಗ ಅದು ಆಟವಾಗಿತ್ತು, ಎಲ್ಲರೂ ಸೇರಿ ಆಡಿದ ಆಟ. ಇದು ಅಣ್ಣನ ಕೈ ಕಟ್ಟಿಹಾಕುವ ಉಪಾಯ. ಮತ್ತೆ ಮಡಿಸಿ ಒಳಗಿಟ್ಟಳು.

ಹಬ್ಬದ ದಿನ ಎಲ್ಲ ತಡವಾಯಿತು. ಮೇಲಿನ ತೂಬು ಸೋರುತ್ತಿದೆಯೆಂದು ನೀರಿನ ಸಭೆಯವರು ಬೆಳಗ್ಗೆಯೇ ಲಂದ್ರನನ್ನು ಕರೆದೊಯ್ದರು. ಅಲ್ಲಿ ಒಬ್ಬರಿಗೊಬ್ಬರು ಜಗಳವಾಡಿ, ಕಾಫಿ ಕುಡಿದು, ಮತ್ತೆ ಜಗಳವಾಡಿ ಅವನು ಮನೆ ಸೇರುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಮುಂಜಾನೆಯ ತಂಪಿನಲ್ಲೇ ಮುಗಿಯುತ್ತಿದ್ದ ಶಾಸ್ತ್ರ ಅವತ್ತು ಸುಡುವ ಮಧ್ಯಾಹ್ನಕ್ಕೆ ಬಿತ್ತು. ರಸ್ನಿ ಗಂಜಿಯನ್ನು ಮತ್ತೆ ಬಿಸಿ ಮಾಡಬೇಕಾದದ್ದಕ್ಕೆ ಗೊಣಗಿದಳು. ಹಿತ್ತಲಿನ ತೆಂಗು, ಮಾವು, ಕೋಕೋ ಎಲ್ಲದಕ್ಕೂ ತಟ್ಟಿ, ಹೇಳಿ, ಗಂಜಿ ಸವರಿ ಕೊನೆಯದಾಗಿ ಅಂಗಳಕ್ಕೆ ಬಂದರು. ಹಲಸಿಗೆ ಸಾರಿ ಬಿಳಿ ಹಳದಿ ಬಟ್ಟೆ ಸುತ್ತಿದ್ದಳು. ಚಂದ್ರಿ ಚಪ್ಪಲಿ ಕಳಚಿ ಮರದ ಹಿಂದೆ ಹೋದಳು.

ವಾರವೆಲ್ಲ ಕೂತು ಅವಳು ಉತ್ತರಗಳನ್ನು ಜೋಡಿಸಿಕೊಂಡಿದ್ದಳು. ಇನ್ನೊಂದು ವರ್ಷ ಕೊಡಪ್ಪ ಎನ್ನುವುದು ಒಂದು. ನಿನ್ನನ್ನು ಎತ್ತಿ ಆಡಿಸಿದ ನೆರಳು ನನ್ನದು ಎನ್ನುವುದು ಇನ್ನೊಂದು. ಅದನ್ನು ನೆನೆಸಿಕೊಂಡಾಗ ಅವಳಿಗೇ ಅಳು ಬಂದಿತ್ತು.

ಲಂದ್ರ ಮಚ್ಚಿನ ಬೆನ್ನಿನಿಂದ ತಟ್ಟಿದ. “ಅಜ್ಜೀ, ಅಜ್ಜೀ, ಗಲುಂಗಾನ್ ಬಂತು. ಕಾಯಿ ಬಿಡ್ತೀಯೋ, ಕಡೀಲೋ?” ಕಡೀಲೋ ಎನ್ನುವಾಗ ಅವನ ದನಿ ಇಳಿಯಿತು. ಎಲ್ಲ ವರ್ಷ ಅದು ಬರೀ ಗದರಿಕೆ, ಈ ವರ್ಷ ಹಾಗಲ್ಲ ಎಂದು ಅವನಿಗೂ ಗೊತ್ತಿತ್ತು.

ಹಿಂದಿನಿಂದ ಉತ್ತರ ಬರಲಿಲ್ಲ. ಜೋಡಿಸಿಟ್ಟ ಮಾತುಗಳನ್ನು ಚಂದ್ರಿ ಮನಸ್ಸಿನಲ್ಲೇ ತಿರುವಿಹಾಕಿದಳು. ಯಾವುದನ್ನು ಹೇಳಿದರೂ ಅದು ತನ್ನ ಮಾತು, ಮರದ್ದಲ್ಲ. ಸಾಲದ್ದಕ್ಕೆ ಕಾಲು ಸುಡುತ್ತಿತ್ತು. ಸಿಮೆಂಟು ಕಾದ ಹಂಚಿನಂತಾಗಿತ್ತು. ಒಂದು ಕಾಲು ಎತ್ತಿ ಇನ್ನೊಂದರ ಮೇಲಿಟ್ಟಳು, ಆಮೇಲೆ ಇದನ್ನು ಎತ್ತಿ ಅದರ ಮೇಲಿಟ್ಟಳು.

“ಅಜ್ಜೀ,” ಎಂದ ಲಂದ್ರ ಮತ್ತೆ. “ಏನಾದ್ರೂ ಹೇಳು.”

“ಕಾಲು ಸುಡ್ತಾ ಇದೆ,” ಎಂದಳು ಚಂದ್ರಿ.

ಸಾರಿ ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದಳು, ಆದರೆ ನಗು ಬರಲಿಲ್ಲ. ಮರದ ಹಿಂದೆ ಚಂದ್ರಿ ತನ್ನ ಕಾಲು ನೋಡಿಕೊಂಡಳು. ಕಾಲಿನ ಪಕ್ಕದಲ್ಲೇ ಕಾಂಡ. ಕಾಂಡದ ಸುತ್ತ ಸಿಮೆಂಟು ಬಿಗಿದು ಕೂತಿತ್ತು, ಊದಿದ ಬೆರಳಿಗೆ ಸಿಕ್ಕಿಕೊಂಡ ಉಂಗುರದ ಹಾಗೆ. ತೊಗಟೆ ಅದರ ಅಂಚಿನ ಮೇಲೆ ಉಬ್ಬಿ ಮಡಚಿಕೊಂಡಿತ್ತು. ಕೊಳೆತೆಲೆ ಇಲ್ಲ, ಕೆಸರಿಲ್ಲ, ಒಂದು ಇರುವೆಯೂ ಇಲ್ಲ. ಮೂರು ವರ್ಷ ಇದೇ ಜಾಗದಲ್ಲಿ ನಿಂತು ಬಿಡ್ತೀನಿ ಎಂದಿದ್ದಳು, ಒಮ್ಮೆಯೂ ಕೆಳಗೆ ನೋಡಿರಲಿಲ್ಲ.

“ಕಾಲು ಸುಡ್ತಾ ಇದೆ ಕಣೋ, ಮಗಾ,” ಎಂದಳು. ಈಗ ದನಿ ಅವಳದ್ದೂ ಆಗಿರಲಿಲ್ಲ, ಬೇರೆಯವರದ್ದೂ ಆಗಿರಲಿಲ್ಲ. “ಮೇಲೆ ಮಳೆ ಬೀಳುತ್ತೆ, ಒಳಗೆ ಒಂದು ತೊಟ್ಟು ಇಳಿಯಲ್ಲ. ಉಸಿರು ಕಟ್ಟುತ್ತೆ. ನನ್ ಕಾಲು ಬಿಡ್ಸು. ಆಮೇಲೆ ಕೇಳು, ಕಾಯಿ ಬಿಡ್ತೀಯಾ ಅಂತ.”

ಹೇಳಿ ಮುಗಿಸಿ ಅವಳು ಹಿಂದಿನಿಂದ ಹೊರಗೇ ಬಂದುಬಿಟ್ಟಳು. ಉತ್ತರ ಕೊಟ್ಟವರು ಗಂಜಿ ಸವರುವವರೆಗೆ ಕಾಣಿಸಿಕೊಳ್ಳಬಾರದು ಎಂಬ ಅಜ್ಜಿಯ ಕಟ್ಟಳೆ ಅವತ್ತು ಮುರಿಯಿತು. ಮುಖವೆಲ್ಲ ಒದ್ದೆಯಾಗಿತ್ತು.

“ಬ್ಲಿ, ಸಿಮೆಂಟು ಹಾಕ್ಸಿದ್ದು ನನ್ ದುಡ್ಡಲ್ಲಿ. ಊರೂರಿಗೆ ಹೋಗಿ ಮರದ ಕಥೆ ಹೇಳಿದೆ. ಮನೆ ಮರದ ಕುತ್ತಿಗೆ ಹಿಸುಕಿದೋಳೂ ನಾನೇ.”

ಲಂದ್ರ ಮಚ್ಚನ್ನು ಕೆಳಗಿಟ್ಟು, ಬಗ್ಗಿ, ಸಿಮೆಂಟಿನ ಅಂಚಿನ ಮೇಲೆ ಬೆರಳಾಡಿಸಿದ. “ದುಡ್ಡು ನಿಂದಿರಬಹುದು. ಹಾಕ್ಸಿದ್ದು ನಾನು. ಬುಡದವರೆಗೂ ನುಣ್ಣಗೆ ಬರ್ಲಿ ಅಂದಿದ್ದು ಇವ್ಳು.”

“ಬಂತಾ ನನ್ನ ಹತ್ರ?” ಎಂದಳು ರಸ್ನಿ, ಗಂಜಿಯ ಪಾತ್ರೆ ಹಿಡಿದುಕೊಂಡೇ. “ಆಗ್ಲಿ, ಬರ್ಲಿ. ನಾಳೆ ಬೆಳಗ್ಗೆ ಒಡೀರಿ. ಸಲಾಕೆ ಸೌದೆ ಕೋಣೇಲಿದೆ. ಮತ್ತೆ ಚಾವಡಿ ಕಂಬಕ್ಕೆ ಹಲಸು ಬೇಕು ಅಂತಿದ್ರಲ್ಲ, ನಮ್ಮಪ್ಪನ ಮನೇಲಿ ಹಳೇ ಭತ್ತದ ಕಣಜ ಬಿಚ್ಚಿ ಹಾಕಿದಾರೆ. ಹಲಸಿನ ಕಂಬ, ನಿಮ್ಮ ತಾತನ ವಯಸ್ಸಿಂದು, ಕೊಟ್ಟಿಗೇಲಿ ಬಿದ್ದಿವೆ. ಹೋದ ತಿಂಗ್ಳೇ ಹೇಳ್ದೆ. ಮಾವನ ಕಂಬದ ಮೇಲೆ ನನ್ನ ಸೂರು ನಿಲ್ಲಲ್ಲ ಅಂದ್ರಿ.”

ಲಂದ್ರ ಎಲ್ಲರ ಮುಖ ನೋಡಿ ಕೊನೆಗೆ ಮರದ ಮುಖ ನೋಡಿದ. “ನೀನೂ ಅದನ್ನೇ ಹೇಳ್ತೀಯಾ, ಅಜ್ಜಿ?” ಎಂದು, ಸಣ್ಣ ಗಾಯ ಮಾಡಿ, ಉಳಿದ ಗಂಜಿಯನ್ನೆಲ್ಲ ಅದಕ್ಕೇ ಸವರಿದ.

ಮಾರನೆಯ ದಿನ ಅವನೇ ಸಲಾಕೆ ಹಿಡಿದ. ಸಿಮೆಂಟು ಚೂರುಚೂರಾಗಿ ಎದ್ದಿತು. ಕೆಳಗಿನ ಮಣ್ಣು ಬೂದಿಯ ಬಣ್ಣಕ್ಕೆ ತಿರುಗಿ, ಹಳೆಯ ಪೆಟ್ಟಿಗೆಯ ವಾಸನೆ ಬರುತ್ತಿತ್ತು. ಚಂದ್ರಿ ಬುಟ್ಟಿಯಲ್ಲಿ ಚೂರು ಹೊತ್ತು ಹಾಕುತ್ತಿರುವಾಗ ಸಿಂಗಾಪುರದ ಕಲಾ ಪ್ರದರ್ಶನದವರಿಂದ ಫೋನ್ ಬಂತು. ಈಗ ಏನು ಕೆಲಸ ನಡೆದಿದೆ ಎಂದು ಅವರು ಕೇಳಿದರು. ಅಂಗಳ ಅಗೀತಾ ಇದ್ದೀನಿ ಎಂದಳು. ಅವರಿಗೆ ಬಹಳ ಸಂತೋಷವಾಯಿತು, ಎಷ್ಟು ಅಗಲದ ಕೃತಿ, ಸಾಗಿಸಲು ಆಗುತ್ತದೆಯೇ ಎಂದು ವಿಚಾರಿಸಿದರು. “ಇಲ್ಲ, ಇದು ಬಂದು ನಿಂತ್ಕೊಳ್ಳೋವ್ರಿಗೆ ಮಾತ್ರ,” ಎಂದು ಚಂದ್ರಿ ಫೋನನ್ನು ಸೊಂಟಕ್ಕೆ ಸಿಕ್ಕಿಸಿ ಮತ್ತೆ ಬುಟ್ಟಿ ಎತ್ತಿದಳು.

ಗಲುಂಗಾನ್ ಬಂತು. ಬೀದಿಯುದ್ದಕ್ಕೂ ಬಿದಿರಿನ ಅಲಂಕಾರದ ಗಳ ಬಾಗಿ ನಿಂತವು, ಹಿರಿಯರು ಬಂದು ಉಂಡು ಹೋದರು. ಹಲಸಿನಲ್ಲಿ ಒಂದು ಮಿಡಿಯೂ ಕಾಣಿಸಲಿಲ್ಲ. ಚಂದ್ರಿ ಅಣ್ಣನ ಬಾಯಿಂದ ಯಾವಾಗ ಮಾತು ಬರುತ್ತದೋ ಎಂದು ಕಾದಳು. ಬರಲಿಲ್ಲ. ಹಬ್ಬದ ಮರುವಾರ ಲಂದ್ರ ಒಳ್ಳೆಯ ಅಂಗಿ ತೊಟ್ಟು ಮಾವನ ಮನೆಗೆ ಹೋಗಿ, ಅಲ್ಲಿ ಅವರು ಸುರಿದ ಸೇಂದಿಯನ್ನೂ ಹಂಗಿಸಿದ ಮಾತನ್ನೂ ಒಟ್ಟಿಗೆ ನುಂಗಿ, ಸಂಜೆ ಲಾರಿಯಲ್ಲಿ ಕಂಬ ಹೇರಿಸಿಕೊಂಡು ಬಂದ. ಸಾರಿಯ ಶಾಸ್ತ್ರ ಪೂರ್ವದ ಚಾವಡಿಯಲ್ಲೇ ಆಯಿತು, ಏಸಿ ಇಲ್ಲದೆ. ಕೊಡಲಿ ಎಲ್ಲಿದೆ ಎಂದು ಪಕ್ಕದ ಮನೆಯವರು ಎರವಲು ಕೇಳಲು ಬಂದಾಗ ಲಂದ್ರ, ಎಲ್ಲೋ ಇಟ್ಟು ಮರೆತಿದ್ದೀನಿ ಎಂದ. ಅಷ್ಟರಿಂದಲೇ ಚಂದ್ರಿಗೆ ಅರ್ಥವಾಯಿತು, ಅಂದು ಅವಳು ಎರಡು ಸಲ ಅನ್ನ ಹಾಕಿಸಿಕೊಂಡಳು.

ಮತ್ತೆ ಮರಗಳ ಹಬ್ಬ ಸುತ್ತಿ ಬಂತು. ಅದಕ್ಕೆ ಮೊದಲು ಕೆಲವು ದಿನಗಳಿಂದ ಲಂದ್ರ ವಿಚಿತ್ರವಾಗಿ ಆಡುತ್ತಿದ್ದ. ಹಲಸಿನ ಬುಡಕ್ಕೆ ಒಣಗಿದ ಬಾಳೆಲೆ ತಂದು ಹಾಕುತ್ತಿದ್ದ, ರಸ್ನಿ ಕಸಬರಿಗೆ ಹಿಡಿದು ಆ ಕಡೆ ಹೋದರೆ, “ಅಲ್ಲಿ ಬೇಡ, ಅಲ್ಲಿ ಬೇಡ,” ಎಂದು ಹಿಂದೆಯೇ ಓಡುತ್ತಿದ್ದ. ವಯಸ್ಸಾಗುತ್ತ ಇವರ ಮನೆಯವರಿಗೆಲ್ಲ ಮರದ ಹುಚ್ಚು ಹಿಡಿಯುತ್ತದೆ ಎಂದು ರಸ್ನಿ ಸುಮ್ಮನಾದಳು.

ಹಬ್ಬದ ಬೆಳಗ್ಗೆ, ಇನ್ನೂ ಇಬ್ಬನಿ ಆರುವ ಮೊದಲು, ಲಂದ್ರ ಮಚ್ಚನ್ನು ತಂಗಿಯ ಕೈಗೆ ಕೊಟ್ಟ.

“ಈ ಸಲ ಕೇಳೋಳು ನೀನು.”

“ಉತ್ತರ ಯಾರು ಕೊಡೋದು, ಬ್ಲಿ? ಕೊನೇ ಕೂಸು ನಾನು.”

“ಮೂರು ವರ್ಷ ಸುಳ್ಳು ಹೇಳಿದೋಳಿಗೆ ಒಂದು ವರ್ಷ ರಜೆ,” ಎಂದು ಅವನು ತನ್ನ ದೊಡ್ಡ ಮೈಯನ್ನು ಮರದ ಹಿಂದೆ ತುರುಕಿಕೊಂಡ. ಎರಡೂ ಕಡೆಯಿಂದ ಹೊಟ್ಟೆಯೂ ಬೆನ್ನೂ ಕಾಣುತ್ತಿದ್ದವು. ಸಾರಿ ಈ ಸಲ ತಡೆದುಕೊಳ್ಳದೆ ನಕ್ಕಳು, ಯಾರೂ ಗದರಲಿಲ್ಲ.

ಚಂದ್ರಿ ತಟ್ಟಿದಳು. ಈ ಕಡೆ ನಿಂತು ಅವಳು ಯಾವತ್ತೂ ಕೇಳಿದ್ದಿಲ್ಲ. ಮರ ಇಷ್ಟು ಎತ್ತರ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ತಲೆಯೆತ್ತಿ, ಕೊಂಬೆಗಳ ಕಡೆ ನೋಡುತ್ತ, “ಅಜ್ಜೀ, ಅಜ್ಜೀ, ಗಲುಂಗಾನ್ ಬರ್ತಾ ಇದೆ. ಕಾಯಿ ಬಿಡ್ತೀಯಾ?” ಎಂದಳು. ಕಡೀಲೋ ಎನ್ನುವ ಮಾತು ಅವಳ ಬಾಯಿಗೆ ಬರಲಿಲ್ಲ.

ಹಿಂದೆ ಗಂಟಲು ಸರಿಮಾಡಿಕೊಂಡ ಸದ್ದಾಯಿತು. ಆಮೇಲೆ, ನೀರಿನ ಸಭೆಯನ್ನು ನಡುಗಿಸುವ ಗಂಟಲಿನಿಂದ ಮುದುಕಿಯ ಕೀರಲು ದನಿಯೊಂದು ಹೊರಟಿತು.

“ಯಾವಾಗ್ಲೂ ಮೇಲೆ ನೋಡ್ಕೊಂಡು ಕೇಳ್ತೀಯಲ್ಲೇ, ಮಗಳೇ. ನಿನ್ ಕಾಲ ಹತ್ರ ನೋಡು.”

ಚಂದ್ರಿ ಬಗ್ಗಿದಳು. ಒಣ ಬಾಳೆಲೆಗಳನ್ನು ಒಂದೊಂದಾಗಿ ಸರಿಸಿದಳು. ಸಿಮೆಂಟು ಒಡೆದ ಜಾಗದಲ್ಲಿ, ಮಣ್ಣಿನಿಂದ ಇಷ್ಟೇ ಮೇಲೆದ್ದ ಬೇರಿನ ಮೇಲೆ, ಹೆಬ್ಬೆರಳಿನಷ್ಟು ಉದ್ದದ ಹಸಿರು ಮಿಡಿಯೊಂದು ಮೈತುಂಬ ಮುಳ್ಳು ಮಾಡಿಕೊಂಡು ಕೂತಿತ್ತು. ಅದರ ಪಕ್ಕದಲ್ಲಿ ಇನ್ನೊಂದು. ಅವಳು ಮುಟ್ಟಲು ಕೈ ಚಾಚಿ ಹಿಂದಕ್ಕೆ ತೆಗೆದುಕೊಂಡಳು.

“ಸಾಕಾ?” ಎಂದಿತು ಹಿಂದಿನ ದನಿ. “ಬೇಗ ಹೇಳೇ, ತುತ್. ಮೊಣಕಾಲ ತನಕ ಇರುವೆ ಹತ್ತಿದೆ.”

“ಸಾಕು, ಅಜ್ಜಿ,” ಎಂದಳು ಚಂದ್ರಿ.